‘ಹುಷಾರು’ ಅನ್ನಬೇಡಿ, ‘ಮೆಟ್ಟಿಲು’ ಅನ್ನಿ

(ಅಕ್ಟೋಬರ್ 15ರ ಬಿಳಿ ಕೋಲಿನ ದಿನದಂದು ಮೈಸೂರಿನ ಕಾಲೇಜೊಂದರ ಎನ್‌ಎಸ್‌ಎಸ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ನಮ್ಮ ಗುಂಪಿಗೆ ಹೆಸರಿಲ್ಲ. ಬೋರ್ಡಿಲ್ಲ, ರಸೀದಿ ಪುಸ್ತಕ ಇಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ಸೇರುತ್ತೇವೆ. ಅರ್ಧ ಜನಕ್ಕೆ ಕಣ್ಣು ಕಾಣುವುದಿಲ್ಲ, ಅರ್ಧ ಜನಕ್ಕೆ ಕಾಣುತ್ತದೆ. ಜೋಡಿ ಜೋಡಿಯಾಗಿ ನಡೆಯುತ್ತೇವೆ. ಆಮೇಲೆ ಕಾಫಿ ಕುಡಿದು ಮನೆಗೆ ಹೋಗುತ್ತೇವೆ. ಹತ್ತು ವರ್ಷದ ಮೇಲಾಯಿತು, ನಡೆಯುತ್ತಿರುವುದು ಇಷ್ಟೇ. ಇದರ ಚರಿತ್ರೆ ಹೇಳಿ ಅಂತ ನಿಮ್ಮ ಮೇಷ್ಟ್ರು ಫೋನ್ ಮಾಡಿದಾಗ, ವಾಕಿಂಗಿಗೆ ಎಂಥ ಚರಿತ್ರೆ ಅನ್ನಿಸಿತು. ಕೂತು ಒಂದೊಂದೇ ನೆನಪು ಮಾಡಿಕೊಂಡೆ. ಹಾಗೆ ನೋಡಿದರೆ ಎಲ್ಲವೂ ಒಂದೇ ಪ್ರಶ್ನೆಯ ಸುತ್ತ ಸುತ್ತಿದೆ. ಯಾರು ಯಾರ ಕೈ ಹಿಡಿಯಬೇಕು? ಇದನ್ನು ತಿಳಿದುಕೊಳ್ಳುವುದಕ್ಕೆ ನಮಗೆ ವರ್ಷಗಳೇ ಹಿಡಿದವು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೆ. ನಲವತ್ತು ದಾಟಿದ ಮೇಲೆ ಬಾಗಿಲ ಚೌಕಟ್ಟಿಗೆ ಭುಜ ತಾಗತೊಡಗಿತು. ಬೆಂಚುಗಳ ನಡುವೆ ಓಡಾಡುವಾಗ ಮಕ್ಕಳ ಬ್ಯಾಗು ಕಾಲಿಗೆ ಸಿಗುತ್ತಿತ್ತು. ಕೈಯಲ್ಲಿರುವ ಪುಸ್ತಕ ಮಾತ್ರ ಸಲೀಸಾಗಿ ಓದುತ್ತಿದ್ದೆ. ಹಾಗಾಗಿ ಕಣ್ಣಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ತೋರಿಸಿದ ಒಂದು ಕಡೆ ಕನ್ನಡಕದ ನಂಬರ್ ಬದಲಾಯಿಸಿ ಕಳಿಸಿದರು. ಅದು ಗ್ಲಾಕೋಮಾ ಅಂತ ಗೊತ್ತಾಗುವ ಹೊತ್ತಿಗೆ ತುಂಬಾ ತಡವಾಗಿತ್ತು. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸವೆಯುತ್ತಾ ಬರುವ ಕಾಯಿಲೆ ಅದು. ಬಹಳ ಸಲ ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ಹಾಗಾಗುತ್ತದೆ. ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ನಡುವಿನದು ಕೊನೆಗೆ. ಹೋದದ್ದು ವಾಪಸ್ ಬರುವುದಿಲ್ಲ. ಉಳಿದದ್ದನ್ನು ಕಣ್ಣಿನ ಹನಿ, ಲೇಸರ್, ಆಪರೇಷನ್‌ನಿಂದ ಕಾಪಾಡಿಕೊಳ್ಳಬಹುದು. ನಡಿಗೆಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ ಕೇಳಿ: ನಿಮ್ಮ ಮನೆಯಲ್ಲಿ ಅಪ್ಪ ಅಮ್ಮನಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದರೆ ನೀವೂ ಕಣ್ಣು ತೋರಿಸಿಕೊಳ್ಳಿ. ನನ್ನಿಂದಾಗಿ ನನ್ನ ತಂಗಿ ತೋರಿಸಿಕೊಂಡಳು. ಅವಳಿಗೂ ಇತ್ತು, ಆದರೆ ಬೇಗ ಸಿಕ್ಕಿತು. ಇವತ್ತಿಗೂ ಸೂಜಿಗೆ ದಾರ ಪೋಣಿಸುತ್ತಾಳೆ.

ನೋಟ ಹೋದ ಮೇಲೆ ಎರಡು ವರ್ಷ ನಾನು ಸರಸ್ವತಿಪುರಂನ ನಮ್ಮ ಮನೆಯಿಂದ ಆಚೆ ಒಬ್ಬಳೇ ಕಾಲಿಡಲಿಲ್ಲ. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. “ನಿನಗ್ಯಾಕೆ ತೊಂದರೆ, ಕೂತ್ಕೋ, ಏನು ಬೇಕೋ ನಾವು ತಂದುಕೊಡ್ತೀವಿ” ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ಹಾಗೆ ಕೂತೂ ಕೂತೂ ಬಾಗಿಲಿನಿಂದ ಗೇಟಿನವರೆಗಿನ ಹದಿನಾಲ್ಕು ಹೆಜ್ಜೆಯೇ ನನ್ನ ಊರಾಯಿತು.

ಗೇಟು ದಾಟಿಸಿದ್ದು ಪಕ್ಕದ ಮನೆಯ ಅಕ್ಕ. ಅವರಿಗೆ ಶುಗರ್ ಇತ್ತು. ದಿನಾ ನಡೆಯಬೇಕು ಅಂತ ಡಾಕ್ಟರು ಹೇಳಿದ್ದರು. “ಒಬ್ಬಳೇ ಹೋಗೋಕೆ ಬೇಜಾರು, ಬಾರೇ ಜೊತೆಗೆ” ಅಂದರು. ನನಗೆ ಉಪಕಾರ ಮಾಡುತ್ತೇನೆ ಅಂತ ಅನ್ನಲಿಲ್ಲ, ತನಗೆ ಜೊತೆ ಬೇಕು ಅಂದರು. ಆ ಮಾತಿಗೇ ನಾನು ಹೊರಟೆ. ನಮ್ಮ ಗುಂಪು ಶುರುವಾದದ್ದು ಆ ಬೆಳಿಗ್ಗೆ ಅಂತಲೇ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ಆಗ ಇದ್ದವರು ಇಬ್ಬರೇ.

ಅಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಸಂತೆಯಲ್ಲಿ ಮಗುವನ್ನು ಎಳೆದುಕೊಂಡು ಹೋಗುವ ಹಾಗೆ ಕರೆದುಕೊಂಡು ಹೋದರು. ಅವರ ಕೈ ಬೆವರುತ್ತಿತ್ತು, ನನ್ನದೂ ಬೆವರುತ್ತಿತ್ತು. ನಾನು ಬೀಳಬಾರದು ಅಂತ ಅವರಿಗೆ ಭಯ, ಮುಂದೆ ಏನಿದೆಯೋ ಅಂತ ನನಗೆ ಭಯ. ಕೆರೆ ಏರಿ ಹತ್ತುವಷ್ಟರಲ್ಲಿ ಇಬ್ಬರಿಗೂ ಸುಸ್ತಾಗಿತ್ತು. ಏರಿ ಮೇಲೆ ಗಾಳಿ ಬಂದು ಮುಖಕ್ಕೆ ಹೊಡೆಯಿತು ನೋಡಿ, ನಾನು ಅಲ್ಲೇ ನಿಂತುಬಿಟ್ಟೆ. ಎರಡು ವರ್ಷದಿಂದ ಅಂಥ ಗಾಳಿ ನನ್ನ ಮುಖಕ್ಕೆ ತಾಗಿರಲಿಲ್ಲ. ಮಾರನೆಯ ದಿನ ಅಕ್ಕ ಕರೆಯುವ ಮೊದಲೇ ಚಪ್ಪಲಿ ಹಾಕಿಕೊಂಡು ಕೂತಿದ್ದೆ.

ಕುಕ್ಕರಹಳ್ಳಿ ಕೆರೆ ನಿಮಗೆಲ್ಲ ಗೊತ್ತಿರುವುದೇ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಕುವೆಂಪು ಅವರು ವಾಕಿಂಗ್ ಮಾಡುತ್ತಿದ್ದ ಜಾಗ. ಪಾಠ ಮಾಡುವಾಗ ಎಷ್ಟೋ ಸಲ ಮಕ್ಕಳಿಗೆ ಅದನ್ನು ಹೇಳಿದ್ದೆ. ಕಣ್ಣು ಚೆನ್ನಾಗಿದ್ದಾಗ ನಾನು ಮಾತ್ರ ಅಲ್ಲಿ ಎರಡೋ ಮೂರೋ ಸಲ ಹೋಗಿದ್ದೆ, ಅಷ್ಟೇ. ಕಣ್ಣಿಲ್ಲದವರಿಗೆ ಆ ಕೆರೆ ಯಾಕೆ ಒಳ್ಳೆಯ ಜಾಗ ಅಂದರೆ, ಅಲ್ಲಿ ಗಾಡಿ ಬರುವುದಿಲ್ಲ. ಒಂದು ಪಕ್ಕ ನೀರಿನ ತಂಪು ಇರುತ್ತದೆ, ಹಕ್ಕಿಗಳ ಗದ್ದಲ ಇರುತ್ತದೆ. ಇನ್ನೊಂದು ಪಕ್ಕದಿಂದ ಊರಿನ ಸದ್ದು ಬರುತ್ತದೆ. ಯಾವ ಕಡೆ ಮುಖ ಮಾಡಿ ನಿಂತಿದ್ದೇವೆ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ನಮ್ಮಿಬ್ಬರನ್ನು ನೋಡಿ ಇನ್ನಿಬ್ಬರು ಬಂದರು. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ನಾವು ‘ಮ್ಯಾನೇಜರ್ ಸರ್’ ಅನ್ನುತ್ತೇವೆ. ಅವರಿಗೆ ಚಿಕ್ಕಂದಿನಿಂದ ಇರುಳುಗಣ್ಣು. ಕ್ರಮೇಣ ಹಗಲಿನ ನೋಟವೂ ಹೋಯಿತು. ಇನ್ನೊಬ್ಬರು ತಬಲಾ ಮೇಷ್ಟ್ರು. ಹುಟ್ಟಿನಿಂದಲೇ ಕಣ್ಣಿಲ್ಲ. ತಿಲಕ್‌ನಗರದಲ್ಲಿ ಕಣ್ಣು ಕಾಣದ, ಕಿವಿ ಕೇಳದ ಮಕ್ಕಳ ಸರ್ಕಾರಿ ಶಾಲೆ ಇದೆಯಲ್ಲ, 1901ರಲ್ಲಿ ಶುರುವಾದದ್ದು, ಅಲ್ಲಿ ಓದಿದವರು. ನಮ್ಮ ಮೂವರಲ್ಲಿ ಕೋಲು ಹಿಡಿದು ನೆಟ್ಟಗೆ ನಡೆಯಲು ಬರುತ್ತಿದ್ದದ್ದು ಅವರೊಬ್ಬರಿಗೇ. ದೊಡ್ಡವರಾದ ಮೇಲೆ ಕಣ್ಣು ಕಳೆದುಕೊಂಡ ನಾವಿಬ್ಬರು ಕೋಲು ಹಿಡಿಯಲು ನಾಚಿಕೊಳ್ಳುತ್ತಿದ್ದೆವು. ಕೋಲು ಹಿಡಿದರೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ. “ಗೊತ್ತಾಗಲಿ ಅಂತಲೇ ಅಲ್ವಾ ಟೀಚರ್, ಅದಕ್ಕೆ ಬಿಳಿ ಬಣ್ಣ ಇರೋದು” ಅಂದರು ಮೇಷ್ಟ್ರು.

ಇವತ್ತು ಅದರದ್ದೇ ದಿನ, ಹಾಗಾಗಿ ಆ ಕೋಲಿನ ಕಥೆಯನ್ನೂ ಕೇಳಿಬಿಡಿ. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜೇಮ್ಸ್ ಬಿಗ್ಸ್ ಅನ್ನುವ ಫೋಟೋಗ್ರಾಫರ್ ಇದ್ದರು. ಅಪಘಾತದಲ್ಲಿ ಕಣ್ಣು ಹೋಯಿತು. ಮನೆಯ ಸುತ್ತ ಗಾಡಿಗಳು ಜಾಸ್ತಿಯಾಗುತ್ತಿದ್ದವು. ಗಾಡಿಯವರಿಗೆ ಕಾಣಲಿ ಅಂತ ತಮ್ಮ ಊರುಗೋಲಿಗೆ ಬಿಳಿ ಬಣ್ಣ ಬಳಿದರು. 1931ರಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಹೆಣ್ಣುಮಗಳು ಕಣ್ಣಿಲ್ಲದವರಿಗೆ ಬಿಳಿ ಕೋಲು ಹಂಚುವ ಕೆಲಸ ಶುರು ಮಾಡಿದರು. ಆಗಿನ್ನೂ ಅದು ಬೇರೆಯವರಿಗೆ ಕಾಣಲಿ ಅಂತ ಹಿಡಿಯುವ ಕೋಲು. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಅಮೆರಿಕದ ಆಸ್ಪತ್ರೆಯಲ್ಲಿ ತರಬೇತಿ ಕೊಡುತ್ತಿದ್ದ ರಿಚರ್ಡ್ ಹೂವರ್ ಅದನ್ನು ಎದೆಯೆತ್ತರಕ್ಕೆ ಉದ್ದ ಮಾಡಿದರು. ಮುಂದೆ ಚಾಚಿ ಎಡಕ್ಕೆ ಬಲಕ್ಕೆ ಬೀಸುತ್ತಾ ನಡೆಯುವುದನ್ನು ಕಲಿಸಿದರು. ಬಲಗಾಲು ಮುಂದಿದ್ದಾಗ ಕೋಲಿನ ತುದಿ ಎಡಕ್ಕೆ. ಎಡಗಾಲು ಮುಂದಿದ್ದಾಗ ಬಲಕ್ಕೆ. ಅಂದರೆ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೋ ಅಲ್ಲಿ ಕೋಲು ಮೊದಲೇ ಹೋಗಿ ಮುಟ್ಟಿ ಬಂದಿರುತ್ತದೆ. ಅಮೆರಿಕದಲ್ಲಿ 1964ರಲ್ಲಿ ಅಕ್ಟೋಬರ್ 15ನ್ನು ಬಿಳಿ ಕೋಲಿನ ದಿನ ಅಂತ ಘೋಷಿಸಿದರು. ನಾನು ಹೀಗೆ ಕೋಲು ಬೀಸುವುದನ್ನು ಕಲಿತದ್ದು ಕುಕ್ಕರಹಳ್ಳಿ ಏರಿಯ ಮೇಲೆ, ಐವತ್ತು ದಾಟಿದ ಮೇಲೆ. ಮೇಷ್ಟ್ರು ಪಕ್ಕದಲ್ಲಿ ನಡೆಯುತ್ತಾ ‘ಧಿನ್ ಧಾ, ಧಿನ್ ಧಾ’ ಅಂತ ತಾಳ ಹಾಕುತ್ತಿದ್ದರು. ಆ ತಾಳಕ್ಕೆ ಕೋಲು ತಾನಾಗಿಯೇ ಕೂತುಕೊಂಡಿತು.

ಒಂದು ವರ್ಷದೊಳಗೆ ಕಣ್ಣು ಕಾಣದವರೇ ಒಂಬತ್ತು ಜನ ಆದೆವು. ಕಣ್ಣಿರುವವರು ಅಕ್ಕ ಮತ್ತು ಅವರ ಮಗ, ಇಬ್ಬರೇ. ಎಲ್ಲರಿಗೂ ಜೊತೆಯವರು ಸಾಲುತ್ತಿರಲಿಲ್ಲ. ಆಗ ಒಬ್ಬರು ಹಗ್ಗದ ಉಪಾಯ ಹೇಳಿದರು. ಉದ್ದನೆಯ ನೂಲಿನ ಹಗ್ಗ, ಎರಡು ಮೊಳಕ್ಕೆ ಒಂದು ಗಂಟು. ಒಬ್ಬೊಬ್ಬರು ಒಂದೊಂದು ಗಂಟು ಹಿಡಿಯುವುದು. ಮುಂದೆ ಅಕ್ಕ, ಹಿಂದೆ ಮಗ. ಕೇಳಲಿಕ್ಕೆ ಚೆನ್ನಾಗಿತ್ತು. ನಡೆದಾಗ ಗೊತ್ತಾಯಿತು. ಮುಂದಿನವರು ಎಡವಿದರೆ ಎಲ್ಲರ ಕೈಗೂ ಜಗ್ಗು ಬೀಳುತ್ತದೆ. ಒಬ್ಬರು ನಿಧಾನ ಆದರೆ ಎಲ್ಲರೂ ನಿಧಾನ. ಮಾತಾಡೋಣ ಅಂದರೆ ಮುಂದಿರುವವರ ಬೆನ್ನಿನ ಜೊತೆ ಮಾತಾಡಬೇಕು.

ಆ ಹಗ್ಗವನ್ನು ಬಿಟ್ಟದ್ದು ಮಾತ್ರ ಬೇರೆ ಕಾರಣಕ್ಕೆ. ಒಂದು ಭಾನುವಾರ ಏರಿಯ ಮೇಲೆ ದಣಿವಾರಿಸಿಕೊಳ್ಳಲು ಸಾಲಾಗಿ ನಿಂತಿದ್ದೆವು. ಕೈಯಲ್ಲಿ ಹಗ್ಗ ಹಾಗೇ ಇತ್ತು. ಯಾರೋ ಹತ್ತಿರ ಬಂದರು, ಏನೂ ಮಾತಾಡಲಿಲ್ಲ. ಮ್ಯಾನೇಜರ್ ಸರ್ ಅವರ ಅಂಗೈ ಬಿಡಿಸಿ ಏನೋ ಇಟ್ಟು ಹೊರಟುಹೋದರು. ಹತ್ತು ರೂಪಾಯಿ ನಾಣ್ಯ. ಮೂವತ್ತು ವರ್ಷ ನೋಟಿನ ಕಂತೆ ಎಣಿಸಿದ ಕೈ ಅದು. ಸರ್ ನಾಣ್ಯವನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿದರು. ಅಂಚು, ಮತ್ತೆ ನಡುವಿನ ವೃತ್ತ. “ಹತ್ತು ರೂಪಾಯಿ” ಅಂದರು, ಅಷ್ಟೇ. ಕೊಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಹಗ್ಗ ಹಿಡಿದು ಸಾಲಾಗಿ ನಿಂತವರನ್ನು ನೋಡಿದ ಯಾರಿಗೂ ಇವರು ವಾಕಿಂಗ್ ಬಂದವರು ಅಂತ ಅನ್ನಿಸುವುದಿಲ್ಲ. ಅದು ಆವತ್ತು ನಮಗೆ ತಿಳಿಯಿತು. ಮುಂದಿನ ಮೂರು ವಾರ ಸರ್ ಬರಲಿಲ್ಲ. ನಾಲ್ಕನೆಯ ವಾರ ನಾನು ಮತ್ತು ಮೇಷ್ಟ್ರು ಆಟೋ ಮಾಡಿಕೊಂಡು ಅವರ ಮನೆಗೇ ಹೋದೆವು. ಹಗ್ಗ ಇನ್ನು ಇರುವುದಿಲ್ಲ ಅಂತ ಹೇಳಿ ಕರೆದುಕೊಂಡು ಬಂದೆವು.

ಹಗ್ಗ ಹೋದ ಮೇಲೆ ಬಂದದ್ದು ಮೊಣಕೈ. ಇದನ್ನೂ ಮೇಷ್ಟ್ರೇ ಕಲಿಸಿದರು. ಅವರು ಹೇಳಿದ್ದು ಹೀಗೆ: ಕಣ್ಣಿರುವವರು ನಮ್ಮನ್ನು ಹಿಡಿಯಬಾರದು, ನಾವು ಅವರನ್ನು ಹಿಡಿಯಬೇಕು. ಮೊಣಕೈಗಿಂತ ಸ್ವಲ್ಪ ಮೇಲೆ, ಹೆಬ್ಬೆರಳು ಹೊರಗೆ, ನಾಲ್ಕು ಬೆರಳು ಒಳಗೆ. ಬಿಗಿಯಾಗಿ ಬೇಡ, ಲೋಟ ಹಿಡಿದ ಹಾಗೆ. ಅವರಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ಆಗ ಅವರ ಮೊಣಕೈ ಎಲ್ಲ ಹೇಳುತ್ತದೆ. ಅವರು ಮೆಟ್ಟಿಲು ಹತ್ತಿದರೆ ಮೊಣಕೈ ಮೇಲೇಳುತ್ತದೆ, ಇಳಿದರೆ ಇಳಿಯುತ್ತದೆ. ತಿರುಗಿದರೆ ತಿರುಗುತ್ತದೆ. ದಾರಿ ಇಕ್ಕಟ್ಟಾದರೆ ಅವರು ಕೈಯನ್ನು ಬೆನ್ನ ಹಿಂದಕ್ಕೆ ತರುತ್ತಾರೆ, ನಾವು ನೇರ ಅವರ ಹಿಂದೆ ಬರುತ್ತೇವೆ. ಬೇಡ ಅನ್ನಿಸಿದ ಕ್ಷಣ ಬಿಡಬಹುದು. ಬಿಡುವುದು ನಮ್ಮ ಕೈಯಲ್ಲಿದೆ, ಗಮನಿಸಿ. ನನ್ನ ಮಣಿಕಟ್ಟು ಅಕ್ಕನ ಮುಷ್ಟಿಯಲ್ಲಿದ್ದಾಗ ಬಿಡಿಸಿಕೊಳ್ಳುವ ಹಾಗಿರಲಿಲ್ಲ. ಈಗ ಅಕ್ಕನ ಮೊಣಕೈ ನನ್ನ ಕೈಯಲ್ಲಿದೆ. ದಾರಿ ಅದೇ, ಅಕ್ಕನೂ ಅದೇ. ಭಯ ಮಾತ್ರ ಇಬ್ಬರಿಗೂ ಹೋಯಿತು.

ಓಟದಲ್ಲೂ ಹೀಗೇ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 1500 ಮೀಟರ್ ಓಡಿ ಚಿನ್ನ ಗೆದ್ದರಲ್ಲ, ಅವರ ಜೊತೆ ಗೈಡ್ ಓಡುತ್ತಾರೆ. ಇಬ್ಬರ ಕೈಗೂ ಸೇರಿಸಿ ಒಂದು ಗೇಣುದ್ದದ ಪಟ್ಟಿ ಇರುತ್ತದೆ. ಗೈಡ್ ಎಳೆಯುವ ಹಾಗಿಲ್ಲ. ಗೆರೆಯನ್ನೂ ಓಟಗಾರರೇ ಮೊದಲು ದಾಟಬೇಕು, ಗೈಡ್ ಆಮೇಲೆ. ಈ ನಿಯಮ ಕೇಳಿದ ದಿನ ನಮ್ಮ ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಇನ್ನು ‘ಹುಷಾರು’ ವಿಷಯ. ಗುಂಪಿಗೆ ಒಬ್ಬ ಇಂಜಿನಿಯರಿಂಗ್ ಹುಡುಗ ಹೊಸದಾಗಿ ಸೇರಿದ್ದ. ನನ್ನ ಜೊತೆ ನಡೆಯುತ್ತಿದ್ದವನು ಇದ್ದಕ್ಕಿದ್ದಂತೆ “ಆಂಟಿ, ಹುಷಾರು!” ಅಂತ ಕೂಗಿದ. ನನ್ನ ಒಂದು ಕಾಲು ಗಾಳಿಯಲ್ಲಿತ್ತು. ಏನು ಹುಷಾರು? ಗುಂಡಿಯಾ? ನಾಯಿಯಾ? ಸಗಣಿಯಾ? ತಲೆಗೆ ಕೊಂಬೆಯಾ? ಬಗ್ಗಬೇಕಾ, ನಿಲ್ಲಬೇಕಾ, ದಾಟಬೇಕಾ? ಇಷ್ಟು ಯೋಚನೆ ಬರುವಷ್ಟರಲ್ಲಿ ಮರದ ಬೇರಿಗೆ ಎಡವಿ ಬಿದ್ದೆ. ಮೂರು ವಾರ ಕೈಗೆ ಕಟ್ಟು. ಹುಡುಗ ಅತ್ತುಬಿಟ್ಟ. ತಪ್ಪು ಅವನದಲ್ಲ, ಆ ಮಾತಿನದು. ನಾವು ಚಿಕ್ಕಂದಿನಿಂದ ಎಲ್ಲದಕ್ಕೂ ‘ಹುಷಾರು’ ಅನ್ನುತ್ತೇವೆ. ಅದರಲ್ಲಿ ಅಕ್ಕರೆ ಇದೆ, ಸುದ್ದಿ ಇಲ್ಲ. ಕಣ್ಣು ಕಾಣದವರಿಗೆ ಬೇಕಾದದ್ದು ಸುದ್ದಿ.

ಆವತ್ತು ಕಾಫಿ ಕುಡಿಯುತ್ತಾ ಒಂದೊಂದೇ ಮಾತನ್ನು ಎತ್ತಿ ನೋಡಿದೆವು. ‘ಅಲ್ಲಿ’, ‘ಇಲ್ಲಿ’, ‘ಈ ಕಡೆ’ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಬೆರಳು ತೋರಿಸದಿದ್ದರೆ ಅವುಗಳಿಗೆ ಅರ್ಥವೇ ಇಲ್ಲ. ಅದರ ಬದಲು: “ನಿಲ್ಲಿ. ಮೆಟ್ಟಿಲು, ಕೆಳಕ್ಕೆ, ಮೂರು.” “ಬಲಗಡೆ ತಲೆಯೆತ್ತರಕ್ಕೆ ಕೊಂಬೆ.” “ಮುಂದೆ ಕೆಸರು, ಒಂದು ದೊಡ್ಡ ಹೆಜ್ಜೆ.” ಕನ್ನಡ ಪಾಠ ಮಾಡಿದವಳಿಗೆ ಭಾಷೆಯ ಬಗ್ಗೆ ಅಷ್ಟು ದೊಡ್ಡ ಪಾಠ ಅದಕ್ಕೂ ಮೊದಲು ಸಿಕ್ಕಿರಲಿಲ್ಲ. ಹಾಗಂತ ನಮ್ಮ ಎದುರಿಗೆ ‘ನೋಡು’ ಅನ್ನಲು ಹಿಂಜರಿಯಬೇಡಿ. ತುಂಬಾ ಜನ ಆ ಮಾತು ಬಂದಾಗ ತಡವರಿಸುತ್ತಾರೆ. ನಾವೂ ಟಿವಿ ನೋಡಿದೆ ಅಂತಲೇ ಹೇಳುತ್ತೇವೆ, ಊಟ ರುಚಿ ನೋಡುತ್ತೇವೆ, ಮದುವೆಗೆ ಹುಡುಗಿ ನೋಡುತ್ತೇವೆ.

ಆ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಊರಿಗೆ ಬಂದ ಭಾನುವಾರ ತಪ್ಪದೆ ಬರುತ್ತಾನೆ. ಅವನಷ್ಟು ಚೆನ್ನಾಗಿ ಕಂಡದ್ದನ್ನು ಹೇಳುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಒಂದು ಸಲ ಹೆಜ್ಜಾರ್ಲೆ ನೀರಿಗೆ ಇಳಿಯುವುದನ್ನು ಹೇಳಿದ: “ಟೀಚರ್, ರೆಕ್ಕೆ ಅಗಲ ಮಾಡಿ ಬಂತು. ಈಗ ರೆಕ್ಕೆ ಬಡೀತಿಲ್ಲ. ಎರಡೂ ಕಾಲು ಮುಂದೆ ಚಾಚಿದೆ, ಜಾರುಬಂಡೆಯಿಂದ ಮಕ್ಕಳು ಇಳೀತಾರಲ್ಲ ಹಾಗೆ.” ಅಷ್ಟರಲ್ಲಿ ನೀರು ಸರ್ರನೆ ಸೀಳಿದ ಸದ್ದು ನನಗೂ ಕೇಳಿಸಿತು. ಅವನು ಮೊದಲೇ ‘ಆಂಟಿ’ ಬಿಟ್ಟು ‘ಟೀಚರ್’ಗೆ ಬಂದಿದ್ದ.

ಬೇರೆ ಹೆಂಗಸರು ಬರುವುದು ತಡವಾಯಿತು. ಕಣ್ಣಿಲ್ಲದ ಮಗನನ್ನು ಆಚೆ ಕಳಿಸುವ ಮನೆಗಳು ಕಣ್ಣಿಲ್ಲದ ಮಗಳನ್ನು ಕಳಿಸುವುದಿಲ್ಲ. ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ, ಯಾರೋ ಗಂಡಸಿನ ಕೈ ಹಿಡಿದುಕೊಂಡು ಹೋಗುವುದಾ ಅಂತ ಕೇಳುತ್ತಾರೆ. ಅಕ್ಕ ಮನೆಮನೆಗೆ ಹೋಗಿ ಅಮ್ಮಂದಿರ ಹತ್ತಿರ ಮಾತಾಡಿದರು. “ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಜೊತೆ, ಬೇಕಾದರೆ ನೀವೇ ಬಂದು ನೋಡಿ” ಅಂದರು. ನೋಡಲು ಬಂದ ಮೂವರು ಅಮ್ಮಂದಿರು ಈಗ ನಮ್ಮ ಜೊತೆಯವರು.

ಹೀಗೆ ಬಂದವರಲ್ಲಿ ಒಬ್ಬರು ದೇವರಾಜ ಮಾರುಕಟ್ಟೆಯಲ್ಲಿ ಹೂವು ಕಟ್ಟುತ್ತಾರೆ. ಹುಟ್ಟಿನಿಂದ ಕಣ್ಣಿಲ್ಲ. ಮಲ್ಲಿಗೆಯ ಮೊಗ್ಗನ್ನು ಬೆರಳಲ್ಲಿ ತಿರುಗಿಸಿದರೆ ಸಾಕು, ಅದು ಸಂಜೆಗೆ ಅರಳುತ್ತದೋ ರಾತ್ರಿಗೋ ಹೇಳುತ್ತಾರೆ. ಕೆರೆಯ ಮೇಲೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ದಿನ “ನಮ್ಮ ಮಾರ್ಕೆಟ್ಟಿಗೂ ಬನ್ನಿ” ಅಂದರು. ಹೋದೆವು. ಆವತ್ತು ಕಣ್ಣಿರುವವರೂ ಸೇರಿ ಎಲ್ಲರೂ ಅವರ ಹಿಂದೆ. “ಈಗ ಬಾಳೆಎಲೆ ಸಾಲು. ಇನ್ನು ಇಪ್ಪತ್ತು ಹೆಜ್ಜೆಗೆ ವೀಳ್ಯದೆಲೆ ವಾಸನೆ ಬರುತ್ತೆ, ಅಲ್ಲಿ ಎಡಕ್ಕೆ ತಿರುಗಿ. ಕುಂಕುಮದ ಅಂಗಡಿ ಹತ್ತಿರ ನೆಲ ಒದ್ದೆ ಇರುತ್ತೆ, ಬಲಕ್ಕೆ ಸರೀರಿ.” ಗಿರಾಕಿಗಳ ಕೂಗು, ತಕ್ಕಡಿಯ ಸದ್ದು, ತಲೆಮೂಟೆಯವರು “ಸೈಡು, ಸೈಡು” ಅನ್ನುವುದು, ಎಲ್ಲದರ ನಡುವೆ ಅವರು ಒಂದು ಸಲವೂ ಹೆಜ್ಜೆ ತಡೆಯಲಿಲ್ಲ. ನಮ್ಮ ಇಂಜಿನಿಯರಿಂಗ್ ಹುಡುಗ ಅವರ ಮೊಣಕೈ ಹಿಡಿದಿದ್ದ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದು ಆಮೇಲೆ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ ಮೆಟ್ಟಿಲುಗಳು. ಸಾವಿರ ಮೆಟ್ಟಿಲು ಅನ್ನುತ್ತಾರೆ. ನಮ್ಮವರು ಒಬ್ಬೊಬ್ಬರೂ ಎಣಿಸಿದರು, ಒಬ್ಬರ ಲೆಕ್ಕದ ಹಾಗೆ ಇನ್ನೊಬ್ಬರದು ಬರಲಿಲ್ಲ. ಹರಕೆಯವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿರುತ್ತಾರೆ. ಕರ್ಪೂರದ ವಾಸನೆ ದಾರಿಯುದ್ದಕ್ಕೂ ಬರುತ್ತಿತ್ತು. ನಂದಿಯ ಹತ್ತಿರ ಬಂದಾಗ ಅಲ್ಲಿದ್ದ ಅರ್ಚಕರು ಹತ್ತಿರ ಕರೆದರು. “ಮುಟ್ಟಿ ತಾಯಿ” ಅಂದರು. ಆ ನಂದಿ ಸುಮಾರು ಹದಿನಾರು ಅಡಿ ಎತ್ತರ, ಇಪ್ಪತ್ತೈದು ಅಡಿ ಉದ್ದ. ಕಣ್ಣಿದ್ದಾಗ ಎಷ್ಟು ಸಲ ನೋಡಿದ್ದೆನೋ. ಹೂ ಕಟ್ಟುವವರಿಗೆ ಅದೇ ಮೊದಲು. ಎಣ್ಣೆ ಹಚ್ಚಿದ ನುಣುಪು ಕಲ್ಲು, ಮಡಿಸಿದ ಕಾಲು, ಗೊರಸು. ಅವರ ಕೈ ಮೇಲಕ್ಕೆ ಹೋಗುತ್ತಲೇ ಇತ್ತು. ತುದಿಗಾಲಲ್ಲಿ ನಿಂತರು. “ಇನ್ನೂ ಇದೆಯಾ?” ಅಂದರು. “ಇನ್ನೂ ಇದೆ” ಅಂದೆ. “ಇಷ್ಟು ದೊಡ್ಡದು ಅಂತ ಯಾರೂ ನನಗೆ ಹೇಳಿರಲಿಲ್ಲ” ಅಂದರು. ನಂದಿ ದೊಡ್ಡದು ಅಂತ ಅವರಿಗೆ ಎಲ್ಲರೂ ಹೇಳಿಯೇ ಇರುತ್ತಾರೆ. ಕೈಗೆ ಸಿಕ್ಕಾಗಲೇ ಅದು ದೊಡ್ಡದಾದದ್ದು.

2020ರಲ್ಲಿ ಕೊರೊನಾ ಬಂತು. ಮುಟ್ಟಬೇಡಿ, ದೂರ ನಿಲ್ಲಿ. ಮುಟ್ಟಿಯೇ ಲೋಕ ತಿಳಿಯುವವರಿಗೆ ಅದು ಎಂಥ ಕಷ್ಟ ಅಂತ ಯೋಚಿಸಿ. ಮಾಸ್ಕ್ ಹಾಕಿದರೆ ಕೆನ್ನೆಗೆ ಗಾಳಿ ತಾಗುವುದಿಲ್ಲ, ವಾಸನೆ ಬರುವುದಿಲ್ಲ, ಜನರ ಮಾತು ಮಂಕು. ನಾವು ಭಾನುವಾರ ಬಿಡಲಿಲ್ಲ. ಆರೂವರೆಗೆ ಫೋನಿನಲ್ಲಿ ಎಲ್ಲರೂ ಸೇರಿ, ಅವರವರ ತಾರಸಿ ಮೇಲೋ ಹಜಾರದಲ್ಲೋ ನಡೆಯುತ್ತಾ ಏನು ಕೇಳಿಸುತ್ತಿದೆ ಅಂತ ಹೇಳುತ್ತಿದ್ದೆವು. ಗಾಡಿಗಳಿಲ್ಲದ ಮೈಸೂರಿನಲ್ಲಿ ಕೋಗಿಲೆ ಎಷ್ಟು ಜೋರಾಗಿ ಕೂಗುತ್ತಿತ್ತು ಅಂದರೆ, ಒಂದೇ ಕೋಗಿಲೆ ಇಬ್ಬರ ಫೋನಿನಲ್ಲೂ ಕೇಳುತ್ತಿತ್ತು. ಮುಂದಿನ ವರ್ಷ ತಬಲಾ ಮೇಷ್ಟ್ರು ತೀರಿಕೊಂಡರು. ಅವರ ಕೋಲನ್ನು ಮನೆಯವರು ನಮಗೇ ಕೊಟ್ಟರು. ಹೊಸದಾಗಿ ಬಂದವರಿಗೆ ಅದರಲ್ಲೇ ಅಭ್ಯಾಸ ಮಾಡಿಸುತ್ತೇವೆ. ಧಿನ್ ಧಾ ಹೇಳಿಕೊಂಡೇ.

ಈಗ ಕೆರೆ ಬಿಟ್ಟು ರಸ್ತೆಗೆ ಬರೋಣ. 2015ರಲ್ಲಿ ಮೈಸೂರು ರೈಲು ನಿಲ್ದಾಣದಲ್ಲಿ ಬ್ರೈಲ್ ಫಲಕ, ಬ್ರೈಲ್ ನಕ್ಷೆ ಹಾಕಿದರು. ದೇಶಕ್ಕೇ ಮಾದರಿ ಅಂತ ಹೆಸರಾಯಿತು. ನನಗೆ ಅದರ ಹೆಮ್ಮೆ ಇದೆ. ನಿಲ್ದಾಣದಿಂದ ಆಚೆ ಬಂದು ಮನೆ ಸೇರಬೇಕಲ್ಲ, ನಮ್ಮ ಕಷ್ಟ ಇರುವುದು ಅಲ್ಲಿ. ಫುಟ್‌ಪಾತ್ ಮೇಲೆ ಹಳದಿ ಟೈಲ್ಸ್ ಹಾಕಿರುತ್ತಾರೆ, ನೋಡಿದ್ದೀರಾ? ಅದು ಅಲಂಕಾರಕ್ಕಲ್ಲ. ಉದ್ದ ಗೆರೆಗಳಿದ್ದರೆ ಮುಂದೆ ನಡಿ ಅಂತ, ಗುಂಡು ಗುಂಡು ಚುಕ್ಕೆಗಳಿದ್ದರೆ ನಿಲ್ಲು, ಮುಂದೆ ಏನೋ ಇದೆ ಅಂತ. ಜಪಾನಿನ ಸೆಯಿಚಿ ಮಿಯಾಕೆ ಅನ್ನುವವರು ಇದನ್ನು ಮಾಡಿದರು. 1967ರಲ್ಲಿ ಒಕಾಯಾಮಾ ಊರಿನಲ್ಲಿ ಮೊದಲು ಹಾಕಿದರು. ನಮ್ಮಲ್ಲಿ ಒಂದು ಕಡೆ ‘ಮುಂದೆ ನಡಿ’ ಅನ್ನುವ ಗೆರೆಗಳು ನೇರ ಹೋಗಿ ಲೈಟ್ ಕಂಬಕ್ಕೆ ಮುಟ್ಟುತ್ತವೆ. ಇನ್ನೊಂದು ಕಡೆ ಅದರ ಮೇಲೆ ದಿನಾ ಸ್ಕೂಟರ್ ನಿಲ್ಲಿಸಿರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ರಸ್ತೆ, ಸಾರಿಗೆ, ಕಟ್ಟಡ ಎಲ್ಲವೂ ನಮಗೂ ಸಿಗುವ ಹಾಗಿರಬೇಕು ಅನ್ನುತ್ತದೆ. ಕಾಯ್ದೆ ಜಾರಿಯಾಗುವವರೆಗೆ ಕಾಯಬೇಕಾಗಿಲ್ಲ, ಟೈಲ್ಸ್ ಮೇಲಿಂದ ನಿಮ್ಮ ಗಾಡಿ ತೆಗೆಯುವುದಕ್ಕೆ ಒಂದು ನಿಮಿಷ ಸಾಕು. ಎಲೆಕ್ಟ್ರಿಕ್ ಸ್ಕೂಟರ್ ಇರುವವರಿಗೆ ಇನ್ನೊಂದು ಮಾತು. ಅದು ಬರುವುದು ನಮಗೆ ಕೇಳಿಸುವುದೇ ಇಲ್ಲ. ಬಿಳಿ ಕೋಲು ಕಂಡರೆ ದಯವಿಟ್ಟು ನಿಧಾನ ಮಾಡಿ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ ಅಂತ ನಿಮ್ಮ ಮೇಷ್ಟ್ರು ಹೇಳಿದರು. ಬೇಡ ಅಂದೆ. ಹತ್ತು ನಿಮಿಷ ಬಟ್ಟೆ ಕಟ್ಟಿಕೊಂಡರೆ ಕತ್ತಲೆಯ ಭಯ ಗೊತ್ತಾಗುತ್ತದೆ, ಅಷ್ಟೇ. ನಾವು ಬದುಕುವುದು ಹೇಗೆ ಅಂತ ಅದರಲ್ಲಿ ಗೊತ್ತಾಗುವುದಿಲ್ಲ. ಅದರ ಬದಲು ಒಂದು ಕೆಲಸ ಮಾಡೋಣ. ನನ್ನ ಜೊತೆ ನಮ್ಮ ಗುಂಪಿನ ಆರು ಜನ ಬಂದಿದ್ದಾರೆ, ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ನಿಮ್ಮಲ್ಲಿ ಏಳು ಜನ ಬನ್ನಿ. ಮೊದಲು ನಿಮ್ಮ ಹೆಸರು ಹೇಳಿ, ಆಮೇಲೆ ಮೊಣಕೈ ಕೊಡಿ. ಗೇಟಿನವರೆಗೆ ನಡೆಯೋಣ. ಈ ಹಾಲ್‌ನ ಬಾಗಿಲಾಚೆ ಏಳು ಮೆಟ್ಟಿಲು ಇವೆ, ಬಲಗಡೆ ಕಂಬಿ ಇದೆ. ನಾಲ್ಕನೆಯ ಮೆಟ್ಟಿಲಿನ ಅಂಚು ಒಡೆದಿದೆ, ಬರುವಾಗ ನನ್ನ ಕೋಲಿಗೆ ಸಿಕ್ಕಿತು. ಅಲ್ಲಿಗೆ ಬಂದಾಗ ಏನು ಹೇಳುತ್ತೀರಿ ಅಂತ ಈಗಲೇ ಯೋಚಿಸಿಟ್ಟುಕೊಳ್ಳಿ.